ಸಿಂಪ್ಯೂಟರಿಗೊಂದು ಒಳ್ಳೆಯ ಕಿವಿ: ಅಂಗೈ ಗಣಕದ ಆಡಿಯೋ ಮಾಡ್ಯೂಲ್ ವಿನ್ಯಾಸ

ಅಂಗೈ ಗಣಕಕ್ಕೆ ಹೊರಗಿನಿಂದ ಸಿಕ್ಕಿಸುವ ಆಡಿಯೋ ಮಾಡ್ಯೂಲ್ ನೋಡಲು ಒಂದು ಪುಟ್ಟ ಸರ್ಕ್ಯೂಟ್ ಬೋರ್ಡು, ಅಷ್ಟೇ. ಮೈಕಿನಿಂದ ಬರುವ ಸಣ್ಣ ವೋಲ್ಟೇಜನ್ನು ಹಿಗ್ಗಿಸುವ ಪ್ರೀಆಂಪ್, ಅದನ್ನು ಅಂಕಿಗಳಾಗಿ ಬದಲಿಸುವ ಎಡಿಸಿ, ಅಂಕಿಗಳನ್ನು ಮತ್ತೆ ಸದ್ದಾಗಿಸುವ ಡಿಎಸಿ, ಹೆಡ್‌ಫೋನ್ ಓಡಿಸುವ ಆಂಪ್ಲಿಫೈಯರ್ ಅದರ ಮೇಲಿರುತ್ತವೆ. ಎಡಿಸಿ, ಡಿಎಸಿ ಎರಡೂ ಒಂದೇ ಚಿಪ್ಪಿನಲ್ಲಿದ್ದರೆ ಅದಕ್ಕೆ ಕೋಡೆಕ್ ಎನ್ನುತ್ತಾರೆ. ಕ್ಯಾಟಲಾಗಿನಲ್ಲಿ ದುಬಾರಿ ಕೋಡೆಕ್ ಒಂದನ್ನು ಆರಿಸಿಕೊಂಡರೆ ಗುಣಮಟ್ಟ ತಾನಾಗಿಯೇ ಬರುತ್ತದೆ ಎಂದು ನಂಬಿದವರು ಬಹಳ. ಆದರೆ ಮುಕ್ಕಾಲು ಪಾಲು ಕೆಲಸ ಇರುವುದು ಚಿಪ್ಪಿನ ಹೊರಗೆ: ವಿದ್ಯುತ್ ಪೂರೈಕೆಯಲ್ಲಿ, ನೆಲದ ತಂತಿಯಲ್ಲಿ, ಮೈಕು ಬಾಯಿಗೆ ಎಷ್ಟು ದೂರವಿದೆ ಎನ್ನುವುದರಲ್ಲಿ.

ಈ ವಿನ್ಯಾಸವನ್ನು ವಿವರಿಸಲು ಇಲ್ಲಿ ಎದುರಿಗಿಟ್ಟುಕೊಂಡಿರುವ ಯಂತ್ರ ಬೆಂಗಳೂರಿನಲ್ಲಿ ಹುಟ್ಟಿದ ಸಿಂಪ್ಯೂಟರ್ ಎಂಬ ಅಂಗೈ ಗಣಕ. ಅದನ್ನು ಬಳಸುವ ಜಾಗವೆಂದು ಇಟ್ಟುಕೊಂಡಿರುವುದು ತಮಿಳುನಾಡಿನ ಥೇಣಿ ಜಿಲ್ಲೆಯ ಹನುಮಂತನಪಟ್ಟಿ. ಉದ್ದೇಶ, ಅಲ್ಲಿನ ಮನೆಗಳಲ್ಲಿ ಆಡುವ ಕನ್ನಡವನ್ನು ಧ್ವನಿಮುದ್ರಿಸಿಕೊಳ್ಳುವುದು. ಇಂಥದ್ದೊಂದು ಮಾಡ್ಯೂಲ್ ಅಂಗಡಿಗೆ ಬಂದಿತ್ತು ಎಂದು ಹೇಳುತ್ತಿಲ್ಲ. ಮಾಡುವುದಾದರೆ ಹೇಗೆ ಮಾಡಬೇಕು ಎಂಬ ಲೆಕ್ಕ ಮಾತ್ರ ಇದು.

ಮಾತಾಡಲು ಕಲಿತ ಯಂತ್ರ

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ, ಅಭಿವೃದ್ಧಿಶೀಲ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಎಂಬ ವಿಷಯದ ಮೇಲೆ ಒಂದು ಅಂತಾರಾಷ್ಟ್ರೀಯ ವಿಚಾರಸಂಕಿರಣ ನಡೆಯಿತು. ಸಿಂಪ್ಯೂಟರಿನ ಕಲ್ಪನೆ ಮೊಳೆತದ್ದು ಅಲ್ಲಿ. ಮರುವರ್ಷ ಸಿಂಪ್ಯೂಟರ್ ಟ್ರಸ್ಟ್ ರೂಪುಗೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಎನ್‌ಕೋರ್ ಸಾಫ್ಟ್‌ವೇರಿನ ವಿನಯ್ ದೇಶಪಾಂಡೆ, ಶಶಾಂಕ್ ಗರ್ಗ್, ಮಾರ್ಕ್ ಮಥಾಯಸ್ ಅದರ ಹಿಂದಿದ್ದವರು. ಮಾದರಿ ಯಂತ್ರ ಜನರ ಮುಂದೆ ಬಂದದ್ದು 2001ರ ಏಪ್ರಿಲ್‌ನಲ್ಲಿ. ಒಳಗೆ 206 ಮೆಗಾಹರ್ಟ್ಸಿನ ಇಂಟೆಲ್ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಪ್ರೊಸೆಸರ್, ಲಿನಕ್ಸ್, 320×240 ಚುಕ್ಕಿಗಳ ಕಪ್ಪುಬಿಳುಪು ತೆರೆ, ಸ್ಮಾರ್ಟ್ ಕಾರ್ಡ್ ಕಿಂಡಿ, ಮೂರು ಎಎಎ ಸೆಲ್ಲು. ಗುರಿಯಿಟ್ಟ ಬೆಲೆ ಒಂಬತ್ತು ಸಾವಿರ ರೂಪಾಯಿ ಆಸುಪಾಸು. ಯಂತ್ರಾಂಶದ ನಕ್ಷೆಯನ್ನೂ ಮುಕ್ತ ಪರವಾನಗಿಯಲ್ಲಿ ಹೊರಬಿಟ್ಟರು. ಆ ಕಾಲಕ್ಕೆ ಯಂತ್ರಾಂಶದಲ್ಲಿ ಅದು ಅಪರೂಪ. ಮಾಡ್ಯೂಲ್ ಕಟ್ಟಹೊರಟವನಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಓದು ಬಾರದವರೂ ಬಳಸಬೇಕು ಎನ್ನುವುದು ಮೊದಲಿನಿಂದಲೂ ಅವರ ಹಟವಾಗಿತ್ತು. ಹಾಗಾಗಿ ಯಂತ್ರ ಮಾತಾಡಲೇಬೇಕಾಯಿತು. ಅಕ್ಷರವನ್ನು ಧ್ವನಿಯಾಗಿಸುವ 'ಧ್ವನಿ' ತಂತ್ರಾಂಶವನ್ನು ರಮೇಶ್ ಹರಿಹರನ್ ಅದಕ್ಕಾಗಿಯೇ ರೂಪಿಸಿದರು. ಮುಂದೆ ಅದು ಮುಕ್ತ ತಂತ್ರಾಂಶವಾಗಿ ಬೇರೆ ಭಾರತೀಯ ಭಾಷೆಗಳಿಗೂ ಬೆಳೆಯಿತು. ಮೊದಲೇ ಮುದ್ರಿಸಿಟ್ಟ ಧ್ವನಿ ತುಣುಕುಗಳನ್ನು ಜಿಎಸ್‌ಎಂ ವಿಧಾನದಲ್ಲಿ ಕುಗ್ಗಿಸಿಟ್ಟು, ಬೇಕಾದಾಗ ಒಂದಕ್ಕೊಂದು ಹೊಲಿದು ಉಲಿಸುವುದು ಅದರ ಕ್ರಮ. ಕನ್ನಡದ ಲಿಪಿ ಹೆಚ್ಚುಕಡಿಮೆ ಉಚ್ಚಾರಣೆಯನ್ನೇ ಬರೆಯುವುದರಿಂದ, ಬರಹದಿಂದ ಧ್ವನಿಗೆ ಹೋಗುವ ದಾರಿ ಇಂಗ್ಲಿಷಿನಷ್ಟು ಮುಳ್ಳಿನದಲ್ಲ.

2004ರ ಮಾರ್ಚ್‌ನಲ್ಲಿ ಪಿಕೋಪೆಟಾ ಕಂಪನಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಜೊತೆ ಸೇರಿ 'ಅಮಿಡಾ ಸಿಂಪ್ಯೂಟರ್' ಎಂಬ ವಾಣಿಜ್ಯ ರೂಪವನ್ನು ತಂದಿತು. ಕರ್ನಾಟಕ ಸರ್ಕಾರ ಭೂದಾಖಲೆ ಕೆಲಸಕ್ಕೂ ಸಿಂಪ್ಯೂಟರನ್ನು ಬಳಸಿ ನೋಡಿತು. ಮಾರಾಟ ಮಾತ್ರ ಕೆಲವು ಸಾವಿರ ದಾಟಲಿಲ್ಲ. ಯಾಕೆ ಎನ್ನುವುದಕ್ಕೆ ಬೇರೆಯೇ ಲೇಖನ ಬೇಕು. ನಮ್ಮ ವಿಷಯಕ್ಕೆ ಬೇಕಾದ್ದು ಇಷ್ಟು: ಈ ಯಂತ್ರದ ಆಡಿಯೋ ವಿನ್ಯಾಸದ ಗುರಿ ಮಾತಾಡುವುದಾಗಿತ್ತು, ಆಲಿಸುವುದಲ್ಲ. ಸಂಶ್ಲೇಷಿತ ಮಾತನ್ನು ಸಣ್ಣ ಸ್ಪೀಕರಿನಲ್ಲಿ ಉಲಿಸಲು ಸಾಕಾಗುವ ಸರ್ಕ್ಯೂಟಿಗೂ, ಒಬ್ಬ ಅಜ್ಜಿಯ ಮಾತನ್ನು ಐವತ್ತು ವರ್ಷ ಕಾಪಿಡಬೇಕಾದ ಸರ್ಕ್ಯೂಟಿಗೂ ಬಹಳ ಅಂತರವಿದೆ.

ಹನುಮಂತನಪಟ್ಟಿಯ ಕನ್ನಡ ಮತ್ತು ಸಕಾರದ ಸಮಸ್ಯೆ

ಹನುಮಂತನಪಟ್ಟಿ ಉತ್ತಮಪಾಳಯಂ ತಾಲ್ಲೂಕಿನ ಪಟ್ಟಣ ಪಂಚಾಯಿತಿ. ಪಶ್ಚಿಮಘಟ್ಟದ ಮಗ್ಗುಲಿನ ಕಂಬಂ ಕಣಿವೆಯಲ್ಲಿ, ಮುಲ್ಲಪೆರಿಯಾರ್ ನೀರಿನ ಗದ್ದೆ ಮತ್ತು ದ್ರಾಕ್ಷಿ ತೋಟಗಳ ಸೀಮೆಯಲ್ಲಿದೆ. ಥೇಣಿ, ಕಂಬಂ, ದಿಂಡಿಗಲ್ ಸುತ್ತಮುತ್ತ ಕಪ್ಪಿಲಿಯರು, ಒಕ್ಕಲಿಗರು, ದೇವಾಂಗರು ಮೊದಲಾದ ಸಮುದಾಯಗಳಲ್ಲಿ ಮನೆಮಾತು ಕನ್ನಡವಾಗಿ ಉಳಿದುಬಂದಿದೆ. 1909ರಲ್ಲಿ ಪ್ರಕಟವಾದ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ, ಮಧುರೆ ಮತ್ತು ತಿರುನಲ್ವೇಲಿ ಸೀಮೆಯ ಕನ್ನಡ ಮಾತಿನ ಬೇಸಾಯಗಾರರೆಂದು ಕಪ್ಪಿಲಿಯರ ಉಲ್ಲೇಖವಿದೆ. ಶಾಲೆ, ಪೇಟೆ, ಕಚೇರಿ ಎಲ್ಲ ತಮಿಳು. ಕನ್ನಡ ಉಳಿದಿರುವುದು ಅಡುಗೆಮನೆ, ಜಗಲಿ, ಹೊಲದ ಬದುವಿನಲ್ಲಿ. ಬಾಯಲ್ಲಿ ಮಾತ್ರ, ಬರಹದಲ್ಲಿಲ್ಲ. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆ ಮದ್ರಾಸ್ ಪ್ರಾಂತ್ಯವನ್ನು ಬಿಟ್ಟೇ ನಡೆದದ್ದರಿಂದ ಆ ಬೃಹತ್ ಸಂಪುಟಗಳಲ್ಲಿಯೂ ಈ ಕಡೆಯ ಕನ್ನಡಕ್ಕೆ ಜಾಗ ಸಿಗಲಿಲ್ಲ.

ಬರಹವಿಲ್ಲದ ಮಾತಿಗೆ ಮುದ್ರಿತ ಧ್ವನಿಯೇ ಮೂಲಪ್ರತಿ. ಕೇಳಿಸಿಕೊಂಡವರು ನಾಳೆ ಅದು ಲಕಾರವೋ ಳಕಾರವೋ, ಪದದ ಕೊನೆಯ ಉಕಾರ ಪೂರ್ತಿ ಉಲಿಯಿತೋ ನುಂಗಿಹೋಯಿತೋ ಎಂದು ಅದರಿಂದಲೇ ತೀರ್ಮಾನಿಸಬೇಕು. ತಮಿಳಿನ ಒಡನಾಟದಲ್ಲಿ ಮಹಾಪ್ರಾಣ, ಘೋಷಾಕ್ಷರಗಳು ಏನಾಗಿವೆ ಎನ್ನುವುದೂ ಅಷ್ಟೇ. ಹಾಗಾದರೆ 'ಉತ್ತಮ ಗುಣಮಟ್ಟ' ಎಂದರೆ ಇಲ್ಲಿ ಏನು?

ಹಳೆಯ ದೂರವಾಣಿ 300ರಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ ಸಾಗಿಸುತ್ತಿತ್ತು. ಸ್ವರಗಳಿಗೆ ಅಷ್ಟು ಸಾಕು. ಆದರೆ ಸಕಾರದ ಸಿಳ್ಳಿನ ಮುಖ್ಯ ಶಕ್ತಿ 4,000 ಹರ್ಟ್ಸ್‌ನಿಂದ ಮೇಲಕ್ಕಿದೆ. ಶಕಾರದ್ದು ಅದಕ್ಕಿಂತ ಕೆಳಗೇ ಶುರುವಾಗುತ್ತದೆ. ಫೋನಿನಲ್ಲಿ ಹೆಸರು ಹೇಳುವಾಗ 'ಸ'ನೋ 'ಫ'ನೋ ಎಂದು ಎರಡೆರಡು ಸಲ ಕೇಳಬೇಕಾಗುತ್ತಿದ್ದುದು ಇದಕ್ಕೇ. ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೇವೋ ಅದರ ಅರ್ಧದಷ್ಟು ಆವರ್ತಾಂಕದವರೆಗೆ ಮಾತ್ರ ಸದ್ದು ಉಳಿಯುತ್ತದೆ. 8 ಕಿಲೋಹರ್ಟ್ಸ್ ಮಾದರಿ ದರದಲ್ಲಿ ಸಕಾರ ಸತ್ತಂತೆ, 16ರಲ್ಲಿ ಬದುಕುತ್ತದೆ, 44.1 ಅಥವಾ 48ರಲ್ಲಿ ಚಿಂತೆಯೇ ಇಲ್ಲ. ಧ್ವನಿ ಸಂಗ್ರಹಾಗಾರಗಳ ಅಂತಾರಾಷ್ಟ್ರೀಯ ಸಂಘಟನೆಯಾದ ಐಎಎಸ್‌ಎ ಹಳೆಯ ಟೇಪುಗಳನ್ನು ಡಿಜಿಟಲ್ ಮಾಡುವವರಿಗೆ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಎಂದು ಹೇಳಿದೆ. 48ನ್ನು ಕಣ್ಣುಮುಚ್ಚಿ ಒಪ್ಪಬಹುದು. 24 ಬಿಟ್ಟಿನ ಬಗ್ಗೆ ಮಾತ್ರ ಸ್ವಲ್ಪ ಲೆಕ್ಕ ಹಾಕಬೇಕು.

ಯಾವ ಬಾಗಿಲಿನಿಂದ ಒಳಗೆ?

ಮಾಡ್ಯೂಲನ್ನು ಗಣಕಕ್ಕೆ ಜೋಡಿಸುವ ದಾರಿಗಳನ್ನು ಆ ಕಾಲದ ಬೇರೆ ಯಂತ್ರಗಳು ತೋರಿಸಿಕೊಟ್ಟಿದ್ದವು. 1999ರಲ್ಲಿ ಬಂದ ಹ್ಯಾಂಡ್‌ಸ್ಪ್ರಿಂಗ್ ವೈಸರಿನ ಬೆನ್ನಲ್ಲಿ 68 ಪಿನ್ನುಗಳ ಸ್ಪ್ರಿಂಗ್‌ಬೋರ್ಡ್ ಕಿಂಡಿ ಇತ್ತು. ಮಿನಿಜ್ಯಾಮ್ ಎಂಬ ಎಂಪಿ3 ಮಾಡ್ಯೂಲನ್ನು ಅದರಲ್ಲಿ ತೂರಿಸಿದರೆ ವಿಳಾಸ, ದಿನಚರಿ ಇಟ್ಟುಕೊಳ್ಳುವ ಯಂತ್ರ ಹಾಡತೊಡಗುತ್ತಿತ್ತು. ಕಾಂಪ್ಯಾಕ್ ಐಪ್ಯಾಕ್‌ಗೆ ಜಾಕೆಟ್ಟಿನಂತೆ ತೊಡಿಸುವ ಸ್ಲೀವ್‌ಗಳಿದ್ದವು. ಎರಡರಲ್ಲೂ ಪ್ರೊಸೆಸರಿನ ಮೆಮೊರಿ ಬಸ್ಸೇ ಹೊರಗೆ ಬರುತ್ತದೆ. ವೇಗ ಸಿಗುತ್ತದೆ, ಜೊತೆಗೆ ಹತ್ತಾರು ತಂತಿಗಳು ಮೆಗಾಹರ್ಟ್ಸ್‌ಗಟ್ಟಲೆ ಗದ್ದಲವನ್ನು ಮೈಕ್ ಸರ್ಕ್ಯೂಟಿನ ಪಕ್ಕಕ್ಕೇ ತಂದು ಸುರಿಯುತ್ತವೆ.

ಎರಡನೆಯ ದಾರಿ ಐ-ಸ್ಕ್ವೇರ್-ಎಸ್. ಚಿಪ್ಪಿನಿಂದ ಚಿಪ್ಪಿಗೆ ಧ್ವನಿ ಸಾಗಿಸಲೆಂದೇ ಫಿಲಿಪ್ಸ್ 1986ರಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ ಮೂರೇ ತಂತಿ: ಬಿಟ್ ಗಡಿಯಾರ, ಎಡ-ಬಲ ಸೂಚಕ, ದತ್ತಾಂಶ. ಇದಕ್ಕಿಂತ ಅಚ್ಚುಕಟ್ಟಾದದ್ದಿಲ್ಲ. ಆದರೆ ಎಸ್‌ಎ-1110 ಚಿಪ್ಪಿನಲ್ಲಿ ಐ-ಸ್ಕ್ವೇರ್-ಎಸ್ ನೇರವಾಗಿ ಇಲ್ಲ. ಅದರ ಎಸ್‌ಎಸ್‌ಪಿ ಎಂಬ ಸರಣಿ ಬಾಗಿಲಿಗೆ ಹೊರಗಿನಿಂದ ಗಡಿಯಾರ ಕೊಟ್ಟು ಒಪ್ಪಿಸಬೇಕು. ಇದೇ ಪ್ರೊಸೆಸರಿನ ಐಪ್ಯಾಕ್ ಎಚ್3600 ಫಿಲಿಪ್ಸಿನ ಯುಡಿಎ1341 ಕೋಡೆಕ್ಕನ್ನು ನಡೆಸಿದ್ದು ಹಾಗೆಯೇ. ಆಗುವ ಕೆಲಸವೇ, ಆದರೆ ಯಂತ್ರದ ಹೊಟ್ಟೆ ಬಿಚ್ಚಿ ತಂತಿ ಬೆಸೆಯುವವರಿಗೆ ಮಾತ್ರ.

ಮೂರನೆಯದು ಯುಎಸ್‌ಬಿ. 1.1ರ ಪೂರ್ಣ ವೇಗ ಸೆಕೆಂಡಿಗೆ 12 ಮೆಗಾಬಿಟ್. 48 ಕಿಲೋಹರ್ಟ್ಸ್, 24 ಬಿಟ್, ಎರಡು ಚಾನೆಲ್ ಸೇರಿ 2.3 ಮೆಗಾಬಿಟ್ಟಿನಷ್ಟು, ಆರಾಮವಾಗಿ ಹಿಡಿಸುತ್ತದೆ. ಯುಎಸ್‌ಬಿ ಆಡಿಯೋ ಕ್ಲಾಸ್ ಎಂಬ ಸಮಾನ ನಿಯಮ 1998ರಿಂದಲೇ ಇರುವುದರಿಂದ ಪ್ರತಿ ಮಾಡ್ಯೂಲಿಗೂ ಹೊಸ ಡ್ರೈವರ್ ಬರೆಯುವ ಪ್ರಮೇಯವಿಲ್ಲ. ತೊಡಕು ಬೇರೆ ಕಡೆ ಇದೆ. ಯುಎಸ್‌ಬಿಯಲ್ಲಿ ಒಬ್ಬ ಯಜಮಾನ ಇರಲೇಬೇಕು, ಎಸ್‌ಎ-1110 ಒಳಗಿರುವುದು ಆಳಿನ ಪಾತ್ರದ ಸರ್ಕ್ಯೂಟು ಮಾತ್ರ. ಯಜಮಾನಿಕೆಗೆ ಎಸ್‌ಎ-1111 ಎಂಬ ಜೊತೆಚಿಪ್ಪೋ ಬೇರೊಂದು ಹೋಸ್ಟ್ ಕಂಟ್ರೋಲರೋ ಬೋರ್ಡಿನಲ್ಲಿರಬೇಕು. ಅದೊಂದು ಇದ್ದರೆ ನನ್ನ ಆಯ್ಕೆ ಯುಎಸ್‌ಬಿಯೇ. ಗಣಕ ಹಳತಾಗಿ ಮೂಲೆಗೆ ಬಿದ್ದರೂ ಮಾಡ್ಯೂಲ್ ಇನ್ನೊಂದು ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಸಿಂಪ್ಯೂಟರಿಗೆ ಮುಂದೆ ಆದ ಗತಿ ನೋಡಿದರೆ ಈ ಒಂದು ಕಾರಣವೇ ಸಾಕು.

ಮೈಕಿನಿಂದ ಎಡಿಸಿಯವರೆಗೆ

ಇಡೀ ಮಾಡ್ಯೂಲಿನ ಹಣೆಬರಹ ತೀರ್ಮಾನವಾಗುವುದು ಈ ದಾರಿಯಲ್ಲಿ.

ಸಾಮಾನ್ಯ ಎಲೆಕ್ಟ್ರೆಟ್ ಮೈಕು ಒಂದು ಪಾಸ್ಕಲ್ ಒತ್ತಡಕ್ಕೆ, ಅಂದರೆ 94 ಡೆಸಿಬೆಲ್ ಸದ್ದಿಗೆ, ಸುಮಾರು 6 ಮಿಲಿವೋಲ್ಟ್ ಕೊಡುತ್ತದೆ. 94 ಡೆಸಿಬೆಲ್ ಅಂದರೆ ಗಿರಣಿಯ ಸದ್ದು. ಜಗಲಿಯಲ್ಲಿ ಕೂತು ಮಾತಾಡುವವರ ದನಿ ಮೂವತ್ತು ಸೆಂಟಿಮೀಟರ್ ದೂರದಲ್ಲಿ 70 ಡೆಸಿಬೆಲ್ ಆಸುಪಾಸು. ಆಗ ಮೈಕು ಕೊಡುವುದು ಮಿಲಿವೋಲ್ಟಿನ ಹತ್ತರಲ್ಲಿ ನಾಲ್ಕು ಭಾಗ. ಎಡಿಸಿ ಬಯಸುವುದು ಒಂದು ವೋಲ್ಟು. ದನಿ ಏರಿದಾಗ ತಲೆ ತಾಗದಂತೆ 20 ಡೆಸಿಬೆಲ್ ಜಾಗ ಬಿಟ್ಟರೂ ಮೈಕಿನ ಸಂಕೇತವನ್ನು 250 ಪಟ್ಟು ಹಿಗ್ಗಿಸಬೇಕು, ಅಂದರೆ 48 ಡೆಸಿಬೆಲ್. ಒಂದೇ ಹಂತದಲ್ಲಿ ಅಷ್ಟನ್ನೂ ಹಿಗ್ಗಿಸುವ ಬದಲು 30 ಮತ್ತು 18 ಎಂದು ಎರಡು ಹಂತ ಮಾಡಿದರೆ ಮೊದಲ ಹಂತ ಸ್ಥಿರವಾಗಿರುತ್ತದೆ, ಎರಡನೆಯದರಲ್ಲಿ ಹೊಂದಿಸುವ ಗುಬ್ಬಿ ಇಡಬಹುದು.

ಈಗ ಗದ್ದಲದ ಲೆಕ್ಕ. ಮೈಕಿನ ಒಳಗೇ ಹುಟ್ಟುವ ಗದ್ದಲ, ಒಂದು ಪಾಸ್ಕಲ್ ಸಂಕೇತಕ್ಕಿಂತ 60 ಡೆಸಿಬೆಲ್ ಕೆಳಗೆ ಎಂದರೆ ಸುಮಾರು 6 ಮೈಕ್ರೋವೋಲ್ಟ್. ಮೈಕಿಗೆ ವಿದ್ಯುತ್ ಕೊಡುವ 2.2 ಕಿಲೋಓಮ್ ರೋಧಕದ ಉಷ್ಣ ಗದ್ದಲ 20 ಕಿಲೋಹರ್ಟ್ಸ್ ಅಗಲದಲ್ಲಿ 0.8 ಮೈಕ್ರೋವೋಲ್ಟ್. ಹರ್ಟ್ಸಿನ ವರ್ಗಮೂಲಕ್ಕೆ 5 ನ್ಯಾನೋವೋಲ್ಟ್ ಗದ್ದಲದ, ಸುಲಭವಾಗಿ ಸಿಗುವ ಆಪ್‌ಆಂಪಿನದು 0.7. ಇನ್ನು ಎಡಿಸಿ. ಅದರ ಗದ್ದಲ ಒಂದು ವೋಲ್ಟಿಗಿಂತ 90 ಡೆಸಿಬೆಲ್ ಕೆಳಗೆ ಎಂದರೆ 32 ಮೈಕ್ರೋವೋಲ್ಟ್. ಕೇಳಲು ಹೆಚ್ಚು, ಆದರೆ ಅದರ ಮುಂದೆ 250 ಪಟ್ಟಿನ ಪ್ರೀಆಂಪ್ ಇರುವುದರಿಂದ ಮೈಕಿನ ಲೆಕ್ಕಕ್ಕೆ ಇಳಿಸಿದಾಗ 0.13 ಮೈಕ್ರೋವೋಲ್ಟ್ ಮಾತ್ರ.

ಆರರ ಎದುರು 0.13. ಮಾತಿನ ಮುದ್ರಣದಲ್ಲಿ ಎಡಿಸಿಯನ್ನು ಇನ್ನೂ ಸುಧಾರಿಸಿ ಪಡೆಯುವುದು ಏನೂ ಇಲ್ಲ ಎಂದು ಈ ಎರಡು ಅಂಕಿಗಳೇ ಹೇಳುತ್ತವೆ. 16 ಬಿಟ್ಟಿನ ಸೈದ್ಧಾಂತಿಕ ಮಿತಿ 98 ಡೆಸಿಬೆಲ್, 24ರದ್ದು 146. ಆದರೆ ಮೂವತ್ತು ಸೆಂಟಿಮೀಟರ್ ದೂರದ ಮಾತಿಗೂ ಮೈಕಿನ ಸ್ವಂತ ಗದ್ದಲಕ್ಕೂ ನಡುವೆ ಇರುವ ಅಂತರ ಬರೀ 36 ಡೆಸಿಬೆಲ್. ಪೆಟ್ಟಿಗೆಯ ಮೇಲೆ '24 ಬಿಟ್' ಎಂದು ಅಚ್ಚು ಹಾಕಿದರೆ ಮಾರಾಟಕ್ಕೆ ಒಳ್ಳೆಯದು, ಮುದ್ರಣಕ್ಕೆ ಅಷ್ಟೇನಲ್ಲ. ಕಡತವನ್ನು 24 ಬಿಟ್ಟಿನಲ್ಲಿ ಇಟ್ಟುಕೊಂಡರೆ ಮಟ್ಟವನ್ನು ಧಾರಾಳವಾಗಿ ಕೆಳಗಿಡುವ ಅನುಕೂಲವಿದೆ, ಅದಕ್ಕಾಗಿ ಇಡಬಹುದು. ಬಜೆಟ್ಟಿನಲ್ಲಿ ಉಳಿದ ದುಡ್ಡನ್ನು ಎಡಿಸಿಗೆ ಸುರಿಯದೆ ಕಡಿಮೆ ಗದ್ದಲದ ದೊಡ್ಡ ಮೈಕ್ ಕ್ಯಾಪ್ಸೂಲಿಗೆ ಹಾಕಬೇಕು. ಮೈಕನ್ನು ಮೂವತ್ತರಿಂದ ಹದಿನೈದು ಸೆಂಟಿಮೀಟರಿಗೆ ತಂದರೆ ಇನ್ನೂ 6 ಡೆಸಿಬೆಲ್ ಸಿಗುತ್ತದೆ, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಹಾಗಾಗಿ ಮೈಕು ಮಾಡ್ಯೂಲಿನ ಮೈಮೇಲೆ ಇರಬಾರದು. ಕುಪ್ಪಸಕ್ಕೋ ಅಂಗಿಗೋ ಸಿಕ್ಕಿಸುವಂತೆ ತಂತಿಯ ತುದಿಯಲ್ಲಿರಬೇಕು.

ಎಲೆಕ್ಟ್ರೆಟ್ ಮೈಕಿನ ವಿದ್ಯುತ್ ಪೂರೈಕೆ ಹೊಸಬರು ಎಡವುವ ಜಾಗ. ಮೈಕಿನೊಳಗಿನ ಎಫ್‌ಇಟಿ ಟ್ರಾನ್ಸಿಸ್ಟರು ಒಂದು ಪ್ರವಾಹ ಮೂಲದಂತೆ ವರ್ತಿಸುತ್ತದೆ. ಹಾಗಾಗಿ ಮೇಲಿನಿಂದ ಕೊಡುವ ವೋಲ್ಟೇಜಿನಲ್ಲಿ ಏನು ಏರಿಳಿತವಿದೆಯೋ ಅದು ಬಹುತೇಕ ಹಾಗೆಯೇ ಸಂಕೇತದೊಳಗೆ ಇಳಿಯುತ್ತದೆ. ಯುಎಸ್‌ಬಿ ಪ್ರತಿ ಮಿಲಿಸೆಕೆಂಡಿಗೊಮ್ಮೆ ದತ್ತಾಂಶ ಕಳಿಸುವುದರಿಂದ ಅದರ ವಿದ್ಯುತ್ ತಂತಿಯಲ್ಲಿ 1,000 ಹರ್ಟ್ಸಿನ ನಡುಕವಿರುತ್ತದೆ. ಅದು ಒಂದೇ ಮಿಲಿವೋಲ್ಟ್ ಇದ್ದರೂ ನಮ್ಮ 0.4 ಮಿಲಿವೋಲ್ಟಿನ ಮಾತಿಗಿಂತ ದೊಡ್ಡದು! ಪರಿಹಾರ ಸರಳ: ಮೈಕಿನ ರೋಧಕಕ್ಕೆ ಮುಂಚೆ ಇನ್ನೊಂದು 1 ಕಿಲೋಓಮ್ ರೋಧಕ, ಅಲ್ಲಿಂದ ನೆಲಕ್ಕೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್. 1,000 ಹರ್ಟ್ಸಿನಲ್ಲಿ ಇದು ಏರಿಳಿತವನ್ನು ಆರುನೂರು ಪಟ್ಟಿಗೂ ಹೆಚ್ಚು ಕುಗ್ಗಿಸುತ್ತದೆ. ಒಂದು ಮಿಲಿವೋಲ್ಟ್ ಇದ್ದದ್ದು 1.6 ಮೈಕ್ರೋವೋಲ್ಟಿಗೆ ಇಳಿಯುತ್ತದೆ. ಎರಡು ಬಿಡಿಭಾಗ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುವಂಥವು.

ಕಂಬಂ ಕಣಿವೆಗೆ ಇನ್ನೂ ಎರಡು ಎಚ್ಚರಿಕೆ ಬೇಕು. ಒಂದು ಗಾಳಿ. ಥೇಣಿ ಜಿಲ್ಲೆಯಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಸುಮ್ಮನೆ ಅಲ್ಲ. ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಘಟ್ಟದ ಸಂದುಗಳಿಂದ ಬಿರುಗಾಳಿ ನುಗ್ಗುತ್ತದೆ. ಮೈಕಿಗೆ ಬಡಿಯುವ ಗಾಳಿಯ ಗುಡುಗು ಬಹುಪಾಲು ತಗ್ಗಿನ ಆವರ್ತಾಂಕಗಳಲ್ಲಿರುತ್ತದೆ, ಮತ್ತು ಪ್ರೀಆಂಪನ್ನು ತುಂಬಿ ಉಕ್ಕಿಸುತ್ತದೆ. ಹಾಗೆ ಉಕ್ಕಿದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಸರಿಮಾಡಲಾರದು. ಆದ್ದರಿಂದ ತಗ್ಗು ಕತ್ತರಿಸುವ ಫಿಲ್ಟರ್ ಎಡಿಸಿಗೆ ಮುಂಚೆ, ಎರಡು ಹಂತಗಳ ನಡುವೆಯೇ ಇರಬೇಕು. 10 ಕಿಲೋಓಮ್, 0.22 ಮೈಕ್ರೋಫ್ಯಾರಡ್ ಜೋಡಿ 72 ಹರ್ಟ್ಸಿನಿಂದ ಕೆಳಗೆ ಕಡಿಯುತ್ತದೆ. ಗಂಡಸರ ದನಿಯ ಮೂಲ ಆವರ್ತಾಂಕ ನೂರರ ಆಸುಪಾಸಿನಲ್ಲಿ ಶುರುವಾಗುವುದರಿಂದ ಮಾತಿಗೆ ದೊಡ್ಡ ಪೆಟ್ಟಿಲ್ಲ. ಜೊತೆಗೆ ಮೈಕಿಗೊಂದು ರೋಮದ ಟೊಪ್ಪಿ. ಇನ್ನೊಂದು, ತೋಟದ ಪಂಪ್‌ಸೆಟ್ಟು. ಅದರ ತಂತಿಗಳಿಂದ 50 ಹರ್ಟ್ಸಿನ ಗುಂಯ್‌ಗುಡುವಿಕೆ ಮೈಕಿನ ಉದ್ದ ತಂತಿಗೆ ಇಳಿಯುತ್ತದೆ. ಕವಚವಿರುವ ತಂತಿಯಲ್ಲಿ, ಸಂಕೇತವನ್ನು ಎದುರುಬದುರು ಎರಡು ಎಳೆಗಳಲ್ಲಿ ಸಾಗಿಸುವ ಸಮತೋಲಿತ ಒಳದಾರಿ ಇದಕ್ಕೆ ಮದ್ದು. ಎರಡೂ ಎಳೆಗೆ ಸಮನಾಗಿ ಅಂಟಿದ ಗದ್ದಲ ವ್ಯತ್ಯಾಸ ತೆಗೆಯುವಾಗ ಕಳೆದುಹೋಗುತ್ತದೆ. ಪಕ್ಕದಲ್ಲಿ ಜಿಎಸ್‌ಎಂ ಮೊಬೈಲಿದ್ದರೆ ಬರುವ ಟಿರ್ರ್‌ ಸದ್ದು ಎಲ್ಲರಿಗೂ ಗೊತ್ತು. ಅದರ ಆವರ್ತಾಂಕ 217 ಹರ್ಟ್ಸ್, ನೇರ ಮಾತಿನ ನಡುವೆಯೇ ಕೂರುತ್ತದೆ. ಒಳದಾರಿಯಲ್ಲಿ 100 ಪಿಕೋಫ್ಯಾರಡಿನ ಪುಟ್ಟ ಕೆಪಾಸಿಟರ್ ಸ್ವಲ್ಪ ತಡೆಯುತ್ತದೆ. ಮೊಬೈಲನ್ನು ಪಕ್ಕದ ಕೋಣೆಯಲ್ಲಿಟ್ಟು ಬರುವುದು ಇನ್ನೂ ಒಳ್ಳೆಯ ಫಿಲ್ಟರ್.

ವಿದ್ಯುತ್ತು, ನೆಲ, ಬೋರ್ಡಿನ ನಕ್ಷೆ

ಅಂಗೈ ಗಣಕದೊಳಗೆ ಸೆಲ್ಲಿನ ವೋಲ್ಟೇಜನ್ನು ಏರಿಸುವ, ಇಳಿಸುವ ಸ್ವಿಚಿಂಗ್ ರೆಗ್ಯುಲೇಟರುಗಳಿರುತ್ತವೆ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕಡಿದು ಕೊಡುವುದು ಅವುಗಳ ಕೆಲಸ. ತೆರೆಯ ಹಿಂದಿನ ಬೆಳಕು, ತೆರೆಯ ಸಾಲುಗಳ ಓಟ, ಪ್ರೊಸೆಸರಿನ ನಿದ್ದೆ-ಎಚ್ಚರ ಪ್ರತಿಯೊಂದೂ ತನ್ನ ಗುರುತು ಬಿಡುತ್ತದೆ. ಮಾಡ್ಯೂಲಿನಲ್ಲಿ 5 ವೋಲ್ಟನ್ನು 3.3ಕ್ಕೆ ಇಳಿಸಲು ಎಲ್‌ಡಿಒ ಎಂಬ ಶಾಂತ ಸ್ವಭಾವದ ರೆಗ್ಯುಲೇಟರ್ ಹಾಕುತ್ತಾರೆ. ಡೇಟಾಶೀಟಿನ ಮೊದಲ ಪುಟದಲ್ಲಿ ಅದು 60-70 ಡೆಸಿಬೆಲ್ ತಡೆಯುತ್ತದೆ ಎಂದಿರುತ್ತದೆ. ಒಳಪುಟದ ನಕ್ಷೆ ನೋಡಿ: ಆ ಸಂಖ್ಯೆ 1 ಕಿಲೋಹರ್ಟ್ಸಿನದು, ಕೆಲವು ನೂರು ಕಿಲೋಹರ್ಟ್ಸಿಗೆ ಬರುವಷ್ಟರಲ್ಲಿ 20-30ಕ್ಕೆ ಇಳಿದಿರುತ್ತದೆ. ಸ್ವಿಚಿಂಗ್ ಗದ್ದಲ ಇರುವುದೇ ಅಲ್ಲಿ. ಹಾಗಾಗಿ ಎಲ್‌ಡಿಒಗೂ ಮುಂಚೆ ಒಂದು ಫೆರೈಟ್ ಮಣಿ, ಕೆಪಾಸಿಟರು ಬೇಕು.

ನೆಲದ ವಿಷಯದಲ್ಲಿ ಒಂದು ಹಳೆಯ ನಂಬಿಕೆ ಇದೆ: ಅನಲಾಗ್ ನೆಲ, ಡಿಜಿಟಲ್ ನೆಲ ಎಂದು ತಾಮ್ರದ ಹಾಳೆಯನ್ನು ಸೀಳಿ ಒಂದೇ ಬಿಂದುವಿನಲ್ಲಿ ಸೇರಿಸಬೇಕು ಅಂತ. ಸೀಳಿದ ಮೇಲೆ ಒಂದೇ ಒಂದು ತಂತಿ ಆ ಸೀಳನ್ನು ದಾಟಿದರೂ ಅದರ ಮರಳುವ ಪ್ರವಾಹ ಊರೆಲ್ಲ ಸುತ್ತಿ ಬರಬೇಕಾಗುತ್ತದೆ, ಗದ್ದಲ ಮೊದಲಿಗಿಂತ ಹೆಚ್ಚುತ್ತದೆ. ನಾಲ್ಕು ಪದರದ ಬೋರ್ಡಿನಲ್ಲಿ ಒಂದು ಪದರವನ್ನು ಪೂರ್ತಿ ನೆಲಕ್ಕೇ ಬಿಟ್ಟು, ಭಾಗಗಳನ್ನು ಮಾತ್ರ ಬೇರೆ ಬೇರೆ ಕಡೆ ಕೂರಿಸುವುದು ಮೇಲು: ಒಂದು ತುದಿಯಲ್ಲಿ ಮೈಕ್ ಜಾಕು, ಪ್ರೀಆಂಪು, ನಡುವೆ ಕೋಡೆಕ್ಕು, ಇನ್ನೊಂದು ತುದಿಯಲ್ಲಿ ಯುಎಸ್‌ಬಿ. ಪ್ರವಾಹ ತನ್ನ ತಂತಿಯ ಅಡಿಯಲ್ಲೇ ಮರಳಿ ಹರಿಯುತ್ತದೆ, ಮೈಕಿನ ಕಡೆ ತಲೆಹಾಕುವುದಿಲ್ಲ.

ಗಡಿಯಾರ

48 ಕಿಲೋಹರ್ಟ್ಸಿಗೆ 12.288 ಮೆಗಾಹರ್ಟ್ಸ್, 44.1ಕ್ಕೆ 11.2896: ಎರಡೂ ಮಾದರಿ ದರದ 256 ಪಟ್ಟು. ಹರಳು ಹೀಗೇ ವಿಚಿತ್ರ ಸಂಖ್ಯೆಯದ್ದಾಗಿರುವುದು ಅದಕ್ಕೇ. ಗಡಿಯಾರದ ಮಿಡಿತ ಹಿಂದುಮುಂದಾದರೆ, ಜಿಟರ್ ಎನ್ನುವ ಆ ತಪ್ಪು, ಸರಿಯಾದ ಅಳತೆಯನ್ನು ತಪ್ಪಾದ ಗಳಿಗೆಯಲ್ಲಿ ತೆಗೆದಂತಾಗುತ್ತದೆ. 20 ಕಿಲೋಹರ್ಟ್ಸಿನ ಸದ್ದನ್ನು 16 ಬಿಟ್ ನಿಖರತೆಯಲ್ಲಿ ಹಿಡಿಯಲು ಮಿಡಿತ 100 ಪಿಕೋಸೆಕೆಂಡಿಗಿಂತ ಹೆಚ್ಚು ಅಲುಗಬಾರದು. ಕೇಳಿದರೆ ಎದೆ ಝಲ್ ಎನ್ನುತ್ತದೆ, ಆದರೆ ಕೋಡೆಕ್ಕಿನ ಪಕ್ಕದಲ್ಲೇ ಇಟ್ಟ ಮಾಮೂಲಿ ಹರಳು ಇದನ್ನು ಸಲೀಸಾಗಿ ಮಾಡುತ್ತದೆ. ಕಷ್ಟವಾಗುವುದು ಗಣಕದ ಗಡಿಯಾರದಿಂದ ಎರವಲು ಪಡೆದಾಗ. ಟಿಐ ಕಂಪನಿಯ ಪಿಸಿಎಂ2902ರಂಥ 16 ಬಿಟ್ ಯುಎಸ್‌ಬಿ ಕೋಡೆಕ್ಕುಗಳು 12 ಮೆಗಾಹರ್ಟ್ಸಿನ ಒಂದೇ ಹರಳಿನಿಂದ ಯುಎಸ್‌ಬಿಯನ್ನೂ ಧ್ವನಿಯನ್ನೂ ಸಂಭಾಳಿಸುತ್ತವೆ. ಮಾತಿನ ಮುದ್ರಣಕ್ಕೆ ಅಷ್ಟು ಸಾಕು, ಬೋರ್ಡೂ ಬೆಂಕಿಪೆಟ್ಟಿಗೆಯಷ್ಟಕ್ಕೆ ಮುಗಿಯುತ್ತದೆ.

ಹೆಡ್‌ಫೋನಿನ ಬದಿ

ಮುದ್ರಿಸುವವನು ಕಿವಿಗೆ ಹಾಕಿಕೊಂಡು ಕೇಳುತ್ತಿರಲೇಬೇಕು, ಹಾಗಾಗಿ ಹೊರದಾರಿಯೂ ಬೇಕು. 32 ಓಮಿನ ಹೆಡ್‌ಫೋನಿಗೆ ಒಂದು ಮಿಲಿವಾಟ್ ಅಂದರೆ 0.18 ವೋಲ್ಟ್, ಕಿವಿ ತುಂಬಲು ಅಷ್ಟು ಬಹಳವಾಯಿತು. ಒಂದೇ ಧನ ವೋಲ್ಟೇಜಿನಲ್ಲಿ ನಡೆಯುವ ಆಂಪ್ಲಿಫೈಯರಿಗೂ ಹೆಡ್‌ಫೋನಿಗೂ ನಡುವೆ ಒಂದು ಕೆಪಾಸಿಟರ್ ಬೇಕಾಗುತ್ತದೆ. ಅದು 220 ಮೈಕ್ರೋಫ್ಯಾರಡ್ ಇದ್ದರೆ 23 ಹರ್ಟ್ಸ್‌ವರೆಗೂ ಸದ್ದು ಇಳಿಯುತ್ತದೆ. ಜಾಗ ಉಳಿಸಲು 100 ಹಾಕಿದರೆ 50ಕ್ಕೇ ನಿಲ್ಲುತ್ತದೆ. ಸಂಗೀತಪ್ರಿಯರು ಇದಕ್ಕೆ ಜಗಳಕ್ಕೆ ನಿಲ್ಲಬಹುದು. ಮಾತು ಕೇಳುವವನಿಗೆ ನೂರು ಸಾಕು.

ಸೆಲ್ಲು ಎಷ್ಟು ಹೊತ್ತು?

ಮೂರು ಎಎಎ ನಿಕ್ಕಲ್ ಸೆಲ್ಲುಗಳು, ತಲಾ 750 ಮಿಲಿಆಂಪ್-ಗಂಟೆ ಎಂದರೆ ಒಟ್ಟು 2.7 ವಾಟ್-ಗಂಟೆ. ಪ್ರೊಸೆಸರು ಪೂರ್ಣ ವೇಗದಲ್ಲಿ 0.4 ವಾಟಿನಷ್ಟು, 60 ಮಿಲಿಆಂಪಿನ ಮಾಡ್ಯೂಲು ಏರಿಸುವ ನಷ್ಟವೂ ಸೇರಿ 0.35, ಮೆಮೊರಿ, ತೆರೆ ಇತ್ಯಾದಿಗೆ 0.3 ಎಂದಿಟ್ಟುಕೊಂಡರೂ ಎರಡೂವರೆ ಗಂಟೆಗೆ ಖೇಲ್ ಖತಮ್. ಹಿರಿಯರೊಬ್ಬರು ಮಾತಿಗೆ ಕುದುರಿಕೊಳ್ಳುವುದಕ್ಕೇ ಒಂದು ಗಂಟೆ ಬೇಕು. ಮಾಡ್ಯೂಲಿಗೆ ತನ್ನದೇ ಎರಡು ಎಎ ಸೆಲ್ಲು ಕೊಡುವುದು ಜಾಣತನ: 2,000 ಮಿಲಿಆಂಪ್-ಗಂಟೆಯವಾದರೆ 4.8 ವಾಟ್-ಗಂಟೆ, ಒಂದು ಹಗಲಿಗೆ ಧಾರಾಳ. ಗಣಕದ ವಿದ್ಯುತ್ ಗದ್ದಲದಿಂದಲೂ ದೂರವಾದಂತಾಯಿತು. ಅಂಗೈ ಗಣಕ ಅಂಗೈಯಲ್ಲಿ ಹಿಡಿಸದಷ್ಟು ದಪ್ಪವಾಗುತ್ತದೆ ಎನ್ನುವ ಆಕ್ಷೇಪ ನಿಜ. ನೆಲದ ಮೇಲಿಟ್ಟು ಮುದ್ರಿಸಿದರಾಯಿತು.

ಸಾಫ್ಟ್‌ವೇರಿನ ಪಾಲು

ಲಿನಕ್ಸಿನಲ್ಲಿ ಆಗ 2.4 ಕರ್ನೆಲ್ಲಿನ ಹಳೆಯ ಒಎಸ್‌ಎಸ್ ಧ್ವನಿ ವ್ಯವಸ್ಥೆ ಚಾಲ್ತಿಯಲ್ಲಿತ್ತು. 2003ರ ಕೊನೆಗೆ ಬಂದ 2.6ರಲ್ಲಿ ಆಲ್ಸಾ ಅಧಿಕೃತವಾಗಿ ಸೇರಿತು. ಯಾವುದಾದರೂ ಸರಿ, ಅಪಾಯ ಒಂದೇ. ಫ್ಲ್ಯಾಶ್ ಕಾರ್ಡಿಗೆ ಬರೆಯುವಾಗ ಅದು ಒಮ್ಮೊಮ್ಮೆ ನೂರಾರು ಮಿಲಿಸೆಕೆಂಡು ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಬರುವ ಧ್ವನಿಯನ್ನು ಇಟ್ಟುಕೊಳ್ಳಲು ಬಫರ್ ಸಾಲದಿದ್ದರೆ ಮಾತಿನ ನಡುವೆ ಒಂದು ತುಣುಕು ಮಾಯ. ಕನ್ನಡದಲ್ಲಿ ದೀರ್ಘ ಸ್ವರ ಹ್ರಸ್ವವಾದರೆ ಪದವೇ ಬೇರೆಯಾಗುತ್ತದೆ, ಹಾಗಾಗಿ ಈ ನಷ್ಟ ಕಿವಿಗೆ ಗೊತ್ತಾಗದೆ ಅರ್ಥ ಕೆಡಿಸಬಲ್ಲದು. ನಾಲ್ಕೈದು ಸೆಕೆಂಡಿನ ಬಫರ್ ಮೆಮೊರಿಯಲ್ಲಿಟ್ಟರೆ ಒಂದು ಎಂಬಿಯೂ ಆಗುವುದಿಲ್ಲ.

48 ಕಿಲೋಹರ್ಟ್ಸ್, 16 ಬಿಟ್, ಒಂದೇ ಚಾನೆಲ್ ಎಂದರೆ ಗಂಟೆಗೆ 346 ಎಂಬಿ. ಒಳಗಿನ ಫ್ಲ್ಯಾಶ್‌ನಲ್ಲಿ ಹಿಡಿಸುವ ಮಾತೇ ಇಲ್ಲ, ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಬೇಕು. ಎಂಪಿ3 ಮಾಡಿ ಉಳಿಸೋಣ ಎಂಬ ಆಸೆ ಬೇಡ. ಎಸ್‌ಎ-1110ರಲ್ಲಿ ದಶಮಾಂಶ ಲೆಕ್ಕದ ಯಂತ್ರಾಂಶವೇ ಇಲ್ಲ. ಕೇಳಲು ಲಿಬ್‌ಮ್ಯಾಡ್, ಟ್ರೆಮರ್‌ಗಳಂಥ ಪೂರ್ಣಾಂಕ ಲೆಕ್ಕದ ತಂತ್ರಾಂಶಗಳು ನೆರವಾಗುತ್ತವೆ, ಆದರೆ ಕುಗ್ಗಿಸುವ ಕೆಲಸ ಅದಕ್ಕಿಂತ ಹಲವು ಪಟ್ಟು ಭಾರ. ಅದಲ್ಲದೆ, ಕಿವಿಗೆ ಬೇಡವೆಂದು ಎಂಪಿ3 ಎಸೆಯುವುದು ನಾಳೆ ಧ್ವನಿವಿಜ್ಞಾನಿಗೆ ಬೇಕಾಗಬಹುದು.

ಸ್ವಯಂಚಾಲಿತ ಮಟ್ಟ ನಿಯಂತ್ರಣ, ಅಂದರೆ ಎಜಿಸಿ, ಕೋಡೆಕ್ಕಿನಲ್ಲಿದ್ದರೆ ಆರಿಸಿಡಬೇಕು. ಮಾತು ನಿಂತಾಗಲೆಲ್ಲ ಅದು ಹಿಗ್ಗಿಸುವಿಕೆಯನ್ನು ಏರಿಸಿ ಹಿನ್ನೆಲೆಯ ಫ್ಯಾನು, ಕೋಳಿ, ಮೋಟಾರುಗಳನ್ನು ಮುಂದಕ್ಕೆ ತರುತ್ತದೆ. ಒತ್ತಿ ಹೇಳಿದ ಪದವನ್ನು ತಗ್ಗಿಸಿಬಿಡುತ್ತದೆ. ಇಂದಿನ ಸ್ಮಾರ್ಟ್‌ಫೋನುಗಳು ಇದರ ಮೇಲೆ ಗದ್ದಲ ನಿವಾರಣೆಯನ್ನೂ ಹೇಳದೆ ಕೇಳದೆ ಹಚ್ಚುತ್ತವೆ. ಅದು ಮೆಲ್ಲಗಿನ ಪದಾಂತ್ಯವನ್ನು ಗದ್ದಲವೆಂದೇ ಬಗೆದು ಅಳಿಸುವುದುಂಟು. ಪದದ ಕೊನೆಯ ಸ್ವರ ಉಳಿದಿದೆಯೇ ಎಂದು ನೋಡಹೊರಟ ಕೆಲಸಕ್ಕೆ ಇದಕ್ಕಿಂತ ಕೆಟ್ಟ ಸಲಕರಣೆ ಬೇರೆ ಬೇಕೆ? ಸಿಂಪ್ಯೂಟರಿನ ಕಾಲ ಮುಗಿದರೂ ಯುಎಸ್‌ಬಿಗೆ ಸಿಕ್ಕಿಸುವ ಹೊರಗಿನ ಆಡಿಯೋ ಮಾಡ್ಯೂಲಿನ ಅಗತ್ಯ ಮುಗಿದಿಲ್ಲ ಎನ್ನುವುದು ಇದರಿಂದಲೇ. ಮೇಲಿನ ಲೆಕ್ಕಗಳಲ್ಲಿ ಪ್ರೊಸೆಸರಿನ ಹೆಸರು ಬದಲಾಗುತ್ತದೆ, ಮೈಕಿನ 6 ಮೈಕ್ರೋವೋಲ್ಟ್ ಹಾಗೆಯೇ ಇರುತ್ತದೆ.

ಪರೀಕ್ಷೆ

ಮೊದಲು ಮೈಕಿನ ಬದಲು ಅದರಷ್ಟೇ ರೋಧವಿರುವ ರೋಧಕವೊಂದನ್ನು ಒಳದಾರಿಗೆ ಸಿಕ್ಕಿಸಿ ಒಂದು ನಿಮಿಷ ಮುದ್ರಿಸಬೇಕು. ಬಂದದ್ದರ ವರ್ಣಪಟಲ ತೆಗೆದಾಗ 50, 217 ಮತ್ತು 1,000 ಹರ್ಟ್ಸಿನಲ್ಲಿ ಮೊಳೆಗಳೆದ್ದಿದ್ದರೆ ಕ್ರಮವಾಗಿ ಕರೆಂಟಿನ ತಂತಿ, ಮೊಬೈಲು, ಯುಎಸ್‌ಬಿ ಎಂದು ಅಪರಾಧಿಗಳ ಗುರುತು ಹಿಡಿಯಬಹುದು. ಮೊಳೆಗಳಿಲ್ಲದ ಸಪಾಟು ಗದ್ದಲ ಮಾತ್ರ ಇದ್ದರೆ ಬೋರ್ಡು ಗೆದ್ದಿತು. ಆಮೇಲೆ ಹೊರದಾರಿಯನ್ನು ಒಳದಾರಿಗೆ ಸೇರಿಸಿ, 20ರಿಂದ 20,000 ಹರ್ಟ್ಸ್‌ವರೆಗೆ ಏರುತ್ತ ಹೋಗುವ ಸದ್ದನ್ನು ಹಾಯಿಸಿ, ಎಲ್ಲಿ ತಗ್ಗುತ್ತದೆ ನೋಡಬೇಕು.

ಮೂರನೆಯ ಪರೀಕ್ಷೆಗೆ ಉಪಕರಣ ಬೇಡ. ಕಲ್ಲು, ಕಳ್ಳು, ಹಾಸು, ಹಾಸ, ಮನೆ, ಮಣೆ, ಶಾಲು, ಸಾಲು ಎಂದು ಜೋಡಿ ಪದಗಳ ಪಟ್ಟಿಯನ್ನು ಹಿಂದುಮುಂದಾಗಿಸಿ ಒಬ್ಬರು ಓದಬೇಕು. ಮುದ್ರಣವನ್ನು ಮಾತ್ರ ಕೇಳಿ ಇನ್ನೊಬ್ಬರು ಬರೆಯಬೇಕು. ಒಮ್ಮೆ ಮುಚ್ಚಿದ ಕೋಣೆಯಲ್ಲಿ, ಒಮ್ಮೆ ಜಗಲಿಯಲ್ಲಿ, ಒಮ್ಮೆ ಪಂಪು ಓಡುವಾಗ ತೋಟದಲ್ಲಿ. ಕೋಣೆಯಲ್ಲಿ ತಪ್ಪು ಬಂದರೆ ಬೋರ್ಡನ್ನು ಮತ್ತೆ ಬಿಚ್ಚಬೇಕು. ತೋಟದಲ್ಲಿ ಮಾತ್ರ ಬಂದರೆ ಮೈಕನ್ನು ಇನ್ನಷ್ಟು ಹತ್ತಿರ ಸಿಕ್ಕಿಸಿ, ಪಟ್ಟಿಯನ್ನು ಮೊದಲಿಂದ ಓದಿಸಬೇಕು.